ಬಾಡಿಗೆಗಿದ್ದ ಮನೆಯನ್ನೇ ಕೊಳ್ಳುವಾಗ: ಪಟಾನ್‌ಚೆರುವಿನ ಕನ್ನಡಿಗರಿಗೊಂದು ಕೈಪಿಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ವರ್ಷಾನುಗಟ್ಟಲೆ ಬಾಡಿಗೆ ಕೊಟ್ಟು ಬಾಳಿದ ಮನೆಯನ್ನೇ ಮಾಲೀಕರಿಂದ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಇಂದಿನ ಮಹಾನಗರದ ಬದುಕಿನಲ್ಲಿ ಅಂತಹ ಪ್ರಸಂಗ ಅಪರೂಪವಲ್ಲ. ಮಕ್ಕಳೊಡನೆ ನೆಲೆಸಲು ಮಾಲೀಕರು ಬೇರೆ ಊರಿಗೆ ಹೊರಡುತ್ತಾರೆ. ಮನೆಯನ್ನು ಮಾರುವ ಮುನ್ನ, "ಹೊರಗಿನವರಿಗೆ ಏಕೆ, ನೀವೇ ತೆಗೆದುಕೊಳ್ಳಿ" ಎನ್ನುತ್ತಾರೆ. ಆ ಒಂದು ಮಾತಿನಿಂದ ಮನೆಯವರೆಲ್ಲರ ಮುಖ ಅರಳುತ್ತದೆ. ಸಾಮಾನು ಕಟ್ಟಬೇಕಾಗಿಲ್ಲ, ಮಕ್ಕಳ ಶಾಲೆ ಬದಲಿಸಬೇಕಾಗಿಲ್ಲ, ನೆರೆಹೊರೆ ಹೊಸದಲ್ಲ.

ಆದರೆ ಇಂತಹ ಖರೀದಿಯಲ್ಲಿ ಎಡವಟ್ಟು ಹುಟ್ಟುವುದೂ ಈ ನಿಶ್ಚಿಂತೆಯಿಂದಲೇ. ಅಪರಿಚಿತರ ಮನೆಯನ್ನು ಕೊಳ್ಳುವವನು ಪ್ರತಿಯೊಂದು ಕಾಗದವನ್ನೂ ಸಂಶಯದಿಂದ ನೋಡುತ್ತಾನೆ; ಪರಿಚಿತರ ಮನೆಯನ್ನು ಕೊಳ್ಳುವವನು ಕಾಗದ ಕೇಳುವುದಕ್ಕೇ ಸಂಕೋಚಪಡುತ್ತಾನೆ. ಮನೆಯ ಪರಿಚಯ ಒಂದು, ಮನೆಯ ಮೇಲಿನ ಹಕ್ಕಿನ ಪರಿಚಯ ಇನ್ನೊಂದು. ಇವೆರಡರ ಅಂತರವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಪಟಾನ್‌ಚೆರು ಮತ್ತು ನಾವು

ಪಟಾನ್‌ಚೆರು ಕನ್ನಡಿಗರಿಗೆ ಹೊಸ ಊರಲ್ಲ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಲಕೆರೆ ಇದೇ ಊರೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಂದಿನ ಹೆಸರಿನಲ್ಲಿದ್ದ 'ಕೆರೆ'ಯೇ ಇಂದಿನ ಹೆಸರಿನ 'ಚೆರು' ಎಂಬುದರಲ್ಲಿ ಉಳಿದಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಈ ಪ್ರದೇಶವೂ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅನಂತರ ರಾಮಚಂದ್ರಾಪುರದಲ್ಲಿ ಬಿ.ಎಚ್.ಇ.ಎಲ್. ಕಾರ್ಖಾನೆ ಬಂದಿತು, 1972ರಲ್ಲಿ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು, ಕೈಗಾರಿಕಾ ವಸಾಹತು ಬೆಳೆಯಿತು. ಮುಂಬಯಿ ಹೆದ್ದಾರಿಯ ಗುಂಟ ಜಹೀರಾಬಾದಿನ ಆಚೆಯ ಗಡಿನಾಡಿನಿಂದ ಬಂದವರು ಇಲ್ಲಿ ಬಾಡಿಗೆಗೆ ಮನೆ ಹಿಡಿದರು. 2007ರಲ್ಲಿ ಊರು ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆಗೆ ಸೇರಿತು; 2016ರಲ್ಲಿ ಮೆದಕ್ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಸಂಗಾರೆಡ್ಡಿ ಜಿಲ್ಲೆಯ ಭಾಗವಾಯಿತು. ಹೀಗಾಗಿ ಒಂದೇ ಮನೆಯ ಹಳೆಯ ಪತ್ರಗಳಲ್ಲಿ ಗ್ರಾಮ ಪಂಚಾಯಿತಿ, ಮೆದಕ್ ಜಿಲ್ಲೆ ಎಂದೂ ಹೊಸ ಪತ್ರಗಳಲ್ಲಿ ಪಾಲಿಕೆ, ಸಂಗಾರೆಡ್ಡಿ ಜಿಲ್ಲೆ ಎಂದೂ ಇರುವುದು ಸಹಜ. ಇದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆದರೆ ಎರಡೂ ಒಂದೇ ಆಸ್ತಿಯವೆಂದು ಸರ್ವೆ ನಂಬರು, ಪ್ಲಾಟ್ ನಂಬರು ಮತ್ತು ಚಕ್ಕುಬಂದಿಗಳಿಂದ ಖಚಿತಪಡಿಸಿಕೊಳ್ಳಬೇಕು.

ಬಾಡಿಗೆದಾರನಿಗೆ ಮೊದಲ ಹಕ್ಕು ಉಂಟೇ?

"ಹತ್ತು ವರ್ಷದಿಂದ ಇದ್ದೇವೆ, ಮಾರುವುದಾದರೆ ನಮಗೇ ಮೊದಲು ಕೊಡಬೇಕಲ್ಲವೇ?" ಎಂದು ಅನೇಕರು ಕೇಳುತ್ತಾರೆ. ನ್ಯಾಯವೆಂದು ತೋರಿದರೂ ವಾಸದ ಮನೆಯ ಬಾಡಿಗೆದಾರನಿಗೆ ಕಾನೂನು ಅಂತಹ ಹಕ್ಕನ್ನು ಕೊಟ್ಟಿಲ್ಲ. ಬಾಡಿಗೆ ಕರಾರಿನಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ ಅದನ್ನು ಕೇಳಬಹುದು. ಮಾಲೀಕರು ಬೇರೆಯವರಿಗೆ ಮಾರಿದರೆ ಬಾಡಿಗೆ ಸಂಬಂಧ ಹೊಸ ಮಾಲೀಕರೊಡನೆ ಮುಂದುವರಿಯುತ್ತದೆ, ಅಷ್ಟೆ.

ಬೇಸಾಯದ ಜಮೀನಿನ ಮಾತು ಬೇರೆ. 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿಗಳ ಕಾಯಿದೆಯು 'ರಕ್ಷಿತ ಗೇಣಿದಾರ'ನಿಗೆ ತಾನು ಉಳುವ ನೆಲವನ್ನು ಕೊಳ್ಳುವ ಹಕ್ಕನ್ನು ನೀಡಿತು. ಒಡೆಯನು ಜಮೀನು ಮಾರುವುದಾದರೆ ಮೊದಲು ಆ ಗೇಣಿದಾರನಿಗೆ ನೋಟೀಸು ಕೊಡಬೇಕೆಂದು ಅದರ 38-ಡಿ ಕಲಮು ಹೇಳಿತು. 38-ಇ ಕಲಮಿನ ಮೂಲಕ ಗೇಣಿದಾರನಿಗೆ ಒಡೆತನವೇ ವರ್ಗವಾಗುವ ವ್ಯವಸ್ಥೆಯೂ ಬಂದಿತು. ಇಂದು ಕಾಲೋನಿಗಳಾಗಿರುವ ಹೈದರಾಬಾದಿನ ಸುತ್ತಲಿನ ಎಷ್ಟೋ ನೆಲಗಳು ಹಿಂದೆ ಇಂತಹ ಗೇಣಿಯ ಜಮೀನುಗಳಾಗಿದ್ದವು. ಆದ್ದರಿಂದ ಈ ಕಾಯಿದೆ ನಮಗೆ ಎರಡು ಬಗೆಯಲ್ಲಿ ಪಾಠ ಹೇಳುತ್ತದೆ. ಅದು ಉಳುವವನಿಗೆ ಕೊಟ್ಟ ರಕ್ಷಣೆ ಬಾಡಿಗೆಯ ಮನೆಯಲ್ಲಿರುವ ನಮಗಿಲ್ಲ. ಆದರೆ ನಾವು ಕೊಳ್ಳುವ ಮನೆಯ ಕೆಳಗಿನ ನೆಲದಲ್ಲಿ ಯಾವನೋ ಹಳೆಯ ಗೇಣಿದಾರನ ವಾರಸುದಾರರ ಹಕ್ಕು ಅಡಗಿರಬಹುದು.

ನಮಗೆ ಗೊತ್ತಿರುವುದು, ಗೊತ್ತಿಲ್ಲದ್ದು

ಬಾಡಿಗೆದಾರನಿಗೆ ಇತರ ಖರೀದಿದಾರರಿಗಿಲ್ಲದ ಒಂದು ಅನುಕೂಲವಿದೆ. ಯಾವ ಗೋಡೆ ಮಳೆಗಾಲದಲ್ಲಿ ಜಿನುಗುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಬೋರ್‌ವೆಲ್ ಎಷ್ಟು ನೀರು ಕೊಡುತ್ತದೆ, ಯಾವ ಗಾಳಿ ಬೀಸಿದಾಗ ಕಾರ್ಖಾನೆಗಳ ವಾಸನೆ ಬರುತ್ತದೆ ಎಂಬುದು ಅವನಿಗೆ ತಿಳಿದಿರುತ್ತದೆ. ಬೆಲೆಯ ಮಾತುಕತೆಯಲ್ಲಿ ಇದನ್ನು ಸೌಜನ್ಯದಿಂದಲೇ ಬಳಸಬಹುದು. ನಾವೇ ಖರ್ಚು ಮಾಡಿ ಹಾಕಿಸಿದ ಗ್ರಿಲ್ಲು, ಬಣ್ಣ, ಅಡುಗೆಮನೆಯ ಕಪಾಟುಗಳಿಗೆ ಬೆಲೆಯಲ್ಲಿ ಎರಡನೆಯ ಸಲ ಹಣ ತೆರಬೇಕಾಗಿಲ್ಲ. ಅಂತಹ ಖರ್ಚಿನ ರಸೀದಿಗಳನ್ನು ಇಟ್ಟುಕೊಂಡಿರಬೇಕು.

ಬೋರ್‌ವೆಲ್ಲಿನ ನೀರನ್ನು ಮಾತ್ರ ಕುಡಿದು ರೂಢಿಯಾಗಿದೆ ಎಂಬ ಕಾರಣಕ್ಕೆ ನಂಬದೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿಸುವುದು ಲೇಸು. ಪಟಾನ್‌ಚೆರು-ಬೊಲ್ಲಾರಂ ಕೈಗಾರಿಕಾ ಪ್ರದೇಶದ ತ್ಯಾಜ್ಯದಿಂದ ನಕ್ಕವಾಗು ಹಳ್ಳವೂ ಸುತ್ತಲಿನ ಅಂತರ್ಜಲವೂ ಕೆಟ್ಟ ವಿಷಯ 1990ರ ದಶಕದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು.

ಮನೆಯೊಳಗೆ ಎಷ್ಟು ವರ್ಷ ಬಾಳಿದರೂ ಗೊತ್ತಾಗದ ಸಂಗತಿಗಳು ಪತ್ರಗಳಲ್ಲಿ ಮಾತ್ರ ಇರುತ್ತವೆ. ಮನೆ ಸಾಲಕ್ಕೆ ಅಡವಾಗಿದೆಯೇ, ಮಾಲೀಕರ ತಂಗಿಗೆ ಪಾಲಿದೆಯೇ, ನೆಲ ಸರ್ಕಾರದ್ದೇ ಎಂಬುದನ್ನು ತಿಂಗಳ ಬಾಡಿಗೆಯ ರಸೀದಿ ಹೇಳುವುದಿಲ್ಲ.

ಪತ್ರಗಳ ಪರಿಶೀಲನೆ

ಮೊದಲು ಮಾಲೀಕರ ಕ್ರಯಪತ್ರದ ಪ್ರತಿಯನ್ನೂ ಅದಕ್ಕೆ ಹಿಂದಿನ ಮೂಲಪತ್ರಗಳ ಪ್ರತಿಗಳನ್ನೂ ಕೇಳಬೇಕು. ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಜಿ.ಪಿ.ಎ. ಮಾತ್ರ ಕೈಯಲ್ಲಿದ್ದರೆ ಅದು ಒಡೆತನವಲ್ಲ. ಜಿ.ಪಿ.ಎ. ಮೂಲಕ ಸ್ಥಿರಾಸ್ತಿಯ ಒಡೆತನ ವರ್ಗವಾಗದೆಂದು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಎರಡನೆಯದು ಋಣಭಾರ ಪ್ರಮಾಣಪತ್ರ, ಜನರ ಬಾಯಲ್ಲಿ ಇ.ಸಿ. ತೆಲಂಗಾಣದ ನೋಂದಣಿ ಇಲಾಖೆಯ ಅಂತರ್ಜಾಲ ತಾಣದಲ್ಲಿ 1983ರಿಂದೀಚಿನ ವಹಿವಾಟುಗಳನ್ನು ಹುಡುಕಬಹುದು. ಅದಕ್ಕೆ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಇ.ಸಿ.ಯಲ್ಲಿ ಕಾಣುವುದು ನೋಂದಾಯಿತ ವಹಿವಾಟು ಮಾತ್ರ. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣದಿರಬಹುದು. ಅದಕ್ಕಾಗಿ 2011ರಲ್ಲಿ ಸ್ಥಾಪನೆಯಾದ ಕೇಂದ್ರೀಯ ದಾಖಲೆಯಾದ 'ಸೆರ್ಸಾಯ್'ನಲ್ಲಿ ಶೋಧ ಮಾಡಿಸಬೇಕು. ಮೂಲಪತ್ರಗಳನ್ನು ಕಣ್ಣಾರೆ ನೋಡುವುದನ್ನು ಯಾವ ಶೋಧವೂ ತಪ್ಪಿಸಲಾರದು. "ಊರಿನ ಮನೆಯಲ್ಲಿವೆ, ಆಮೇಲೆ ತರುತ್ತೇನೆ" ಎಂಬ ಉತ್ತರ ಬಂದರೆ, ಅವು ಬರುವವರೆಗೆ ನಮ್ಮ ಮುಂಗಡವೂ ನಮ್ಮ ಬಳಿಯೇ ಇರಲಿ.

ಮೂರನೆಯದು ನೆಲದ ಸ್ವರೂಪ. ಸರ್ಕಾರಿ, ದೇವಾಲಯದ, ವಕ್ಫ್ ಮತ್ತು ಬಡವರಿಗೆ ಹಂಚಿದ 'ಅಸೈನ್ಡ್' ಜಮೀನುಗಳನ್ನು ನೋಂದಣಿ ಕಾಯಿದೆಯ 22-ಎ ಕಲಮಿನ ಪ್ರಕಾರ ನಿಷೇಧಿತ ಪಟ್ಟಿಯಲ್ಲಿ ಸೇರಿಸಲಾಗಿರುತ್ತದೆ. ಸರ್ವೆ ನಂಬರು ಆ ಪಟ್ಟಿಯಲ್ಲಿ ಇಲ್ಲವೆಂದು ನೋಡಿಕೊಳ್ಳಬೇಕು. ಹಳೆಯ ದಾಖಲೆಯಾಗಿ ಇಲ್ಲಿನ ವಕೀಲರು 1954-55ರ 'ಖಾಸ್ರಾ ಪಹಣಿ'ಯನ್ನು ಕೇಳುತ್ತಾರೆ. ಪಹಣಿ ಎಂಬ ಮಾತು ನಮಗೂ ಹೊಸದಲ್ಲ. ಮೇಲೆ ಹೇಳಿದ ರಕ್ಷಿತ ಗೇಣಿದಾರರ ವಿಷಯವನ್ನೂ ಇದೇ ಹಂತದಲ್ಲಿ ವಕೀಲರಿಂದ ವಿಚಾರಿಸಬೇಕು.

ನಾಲ್ಕನೆಯದು ಕೆರೆ. ಊರಿನ ಹೆಸರಿನಲ್ಲೇ ಕೆರೆಯಿರುವಾಗ ಇದನ್ನು ಮರೆಯುವಂತಿಲ್ಲ. ಮನೆಯ ನಿವೇಶನ ಕೆರೆಯ ಪೂರ್ಣ ತುಂಬುಮಟ್ಟದ ಒಳಗಾಗಲೀ ಅದರ ಅಂಚಿನ ರಕ್ಷಿತ ವಲಯದಲ್ಲಾಗಲೀ ಇದ್ದರೆ ನೋಂದಾಯಿತ ಕ್ರಯಪತ್ರವೂ ಅದನ್ನು ಉಳಿಸಲಾರದು. 2024ರ ಜುಲೈಯಲ್ಲಿ ರಚನೆಯಾದ 'ಹೈಡ್ರಾ' ಸಂಸ್ಥೆಯು ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೆರೆಯ ಅಮೀನ್‌ಪುರ ಮಂಡಲದ ಕಿಷ್ಟಾರೆಡ್ಡಿಪೇಟೆಯಲ್ಲಿ ಸರ್ಕಾರಿ ನೆಲದಲ್ಲಿ ಎದ್ದಿದ್ದ ಬಹುಮಹಡಿ ಕಟ್ಟಡಗಳನ್ನು ಕೆಡವಿದ್ದನ್ನು ಓದುಗರು ಮರೆತಿರಲಾರರು.

ಐದನೆಯದು ವಾರಸುದಾರರ ಸಹಿ. ಮನೆ ಪಿತ್ರಾರ್ಜಿತವಾಗಿದ್ದರೆ ಗಂಡುಮಕ್ಕಳ ಸಹಿ ಮಾತ್ರ ಸಾಲದು. ಅವಿಭಜಿತ ಆಂಧ್ರಪ್ರದೇಶದಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ 1985ರ ಸೆಪ್ಟೆಂಬರಿನಿಂದಲೇ ಸಮಪಾಲಿನ ಹಕ್ಕು ಬಂದಿತ್ತು. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂದಿತು. "ತಂಗಿಯದೇನೂ ತಕರಾರಿಲ್ಲ" ಎಂಬ ಮಾತನ್ನು ಆ ತಂಗಿಯೇ ಕ್ರಯಪತ್ರದಲ್ಲಿ ಸಹಿ ಹಾಕಿ ಹೇಳಬೇಕು.

ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಆದರೆ ನೆಲದಲ್ಲಿನ ಅವಿಭಜಿತ ಪಾಲು ಎಷ್ಟು, ಮಂಜೂರಾದ ನಕ್ಷೆಯಲ್ಲಿ ಆ ಮಹಡಿ ಇದೆಯೇ, ಆಕ್ಯುಪೆನ್ಸಿ ಸರ್ಟಿಫಿಕೇಟ್ ದೊರೆತಿದೆಯೇ ಎಂದು ನೋಡಬೇಕು. ಇಲ್ಲಿನ ಕಟ್ಟಡ ನಿಯಮಗಳಂತೆ ಬಿಲ್ಡರು ಕಟ್ಟಡದ ಶೇ. 10ರಷ್ಟು ಭಾಗವನ್ನು ಸ್ಥಳೀಯ ಸಂಸ್ಥೆಗೆ ಅಡವಿಟ್ಟು, ಆಕ್ಯುಪೆನ್ಸಿ ಸರ್ಟಿಫಿಕೇಟ್ ಪಡೆದ ಮೇಲೆ ಬಿಡಿಸಿಕೊಳ್ಳಬೇಕು. ನಾವಿರುವ ಫ್ಲ್ಯಾಟೇ ಆ ಹತ್ತರಲ್ಲೊಂದಾಗಿರಬಹುದು.

ತೆಲುಗು ದಸ್ತಾವೇಜಿನ ನಾಲ್ಕು ಮಾತು

ಲಿಪಿ ಹೋಲುತ್ತದೆಂದು ನಮ್ಮವರು ತೆಲುಗು ಪತ್ರಗಳನ್ನು ಅಂದಾಜಿನಿಂದ ಓದಿಕೊಳ್ಳುವುದುಂಟು. ಅಲ್ಲಿ 'ಅಮ್ಮಕಂ' ಎಂದರೆ ಮಾರಾಟ, 'ತನಖಾ' ಎಂದರೆ ಅಡಮಾನ, 'ಅದ್ದೆ' ಎಂದರೆ ಬಾಡಿಗೆ, 'ಇಂಟಿ ಪನ್ನು' ಎಂದರೆ ಮನೆ ಕಂದಾಯ. ನಾವು ಚಕ್ಕುಬಂದಿ ಎನ್ನುವುದಕ್ಕೆ ಅವರು 'ಹದ್ದುಲು' ಎನ್ನುತ್ತಾರೆ. 'ತೂರ್ಪು' ಪೂರ್ವ, 'ಪಡಮರ' ಪಶ್ಚಿಮ. ಅಳತೆಯೂ ಬೇರೆ. ಬೆಂಗಳೂರಿನಲ್ಲಿ ಚದರಡಿಯ ಲೆಕ್ಕವಾದರೆ ಇಲ್ಲಿ ನೆಲವನ್ನು ಗಜಗಳಲ್ಲಿ ಹೇಳುತ್ತಾರೆ. ಒಂದು ಚದರ ಗಜವೆಂದರೆ 9 ಚದರಡಿ. 121 ಚದರ ಗಜಕ್ಕೆ ಒಂದು ಗುಂಟೆ. ನಮ್ಮ 30×40 ನಿವೇಶನ ಇಲ್ಲಿಯ ಲೆಕ್ಕದಲ್ಲಿ 133 ಗಜವಾಗುತ್ತದೆ. ಕರ್ನಾಟಕದ 'ಖಾತಾ'ವನ್ನು ಇಲ್ಲಿ ಹುಡುಕಿ ಫಲವಿಲ್ಲ. ಆಸ್ತಿ ತೆರಿಗೆಯ ದಾಖಲೆಯಲ್ಲಿ ಹೆಸರು ಬದಲಾಯಿಸುವುದಕ್ಕೆ ಇಲ್ಲಿ 'ಮ್ಯುಟೇಶನ್' ಎನ್ನುತ್ತಾರೆ. ಸಂದೇಹ ಬಂದಲ್ಲಿ ಇಡೀ ಪತ್ರವನ್ನು ತೆಲುಗು ಬಲ್ಲವರಿಂದ ಓದಿಸಿ ಅರ್ಥ ಮಾಡಿಕೊಂಡು ಸಹಿ ಮಾಡಬೇಕು.

ಕ್ರಯದ ಕರಾರು: ಇಡೀ ವ್ಯವಹಾರದ ಜೀವಾಳ

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮಾಲೀಕರು ಮನೆ ಕೊಡುವುದಾಗಿ ಮಾತು ಕೊಟ್ಟರು. ಅಂದಿನಿಂದ ಇವರು ಬಾಡಿಗೆಯ ಜೊತೆಗೆ ಪ್ರತಿ ತಿಂಗಳೂ ಇಷ್ಟಿಷ್ಟೆಂದು ಹೆಚ್ಚು ಹಣವನ್ನು ನಗದಾಗಿ ಕೊಡುತ್ತ ಬಂದರು. ನಾಲ್ಕು ವರ್ಷಗಳ ಬಳಿಕ ಮಾಲೀಕರು ತೀರಿಕೊಂಡರು. ಮಕ್ಕಳು ಬಂದು, "ನೀವು ಬಾಡಿಗೆದಾರರು, ಕೊಟ್ಟದ್ದು ಬಾಡಿಗೆ" ಎಂದರು. ಯಾರೂ ಇಲ್ಲಿ ಕೆಟ್ಟವರಲ್ಲ. ಮಕ್ಕಳಿಗೆ ತಂದೆಯ ಮಾತು ತಿಳಿಯದು, ಇವರ ಕೈಯಲ್ಲಿ ಕಾಗದವಿಲ್ಲ. ಲಿಖಿತ ಕರಾರಿದ್ದರೆ ಅದು ವಾರಸುದಾರರನ್ನೂ ಕಟ್ಟುತ್ತಿತ್ತು. ಬಾಯಿಮಾತು ಆಡಿದವರೊಡನೆಯೇ ಹೋಯಿತು.

ಆದುದರಿಂದ ಒಂದು ರೂಪಾಯಿ ಮುಂಗಡ ಕೊಡುವ ಮುನ್ನ ಕ್ರಯದ ಕರಾರು ಬರೆಸಿ ನೋಂದಾಯಿಸುವುದು ಕ್ಷೇಮ. ಬಾಡಿಗೆದಾರನ ಕರಾರಿನಲ್ಲಿ ಸಾಮಾನ್ಯ ಖರೀದಿಯಲ್ಲಿಲ್ಲದ ಮೂರು ಅಂಶಗಳು ಸ್ಪಷ್ಟವಾಗಿರಬೇಕು.

ಮೊದಲನೆಯದು ಬಾಡಿಗೆ. ಕರಾರಾದ ಕೂಡಲೇ ಬಾಡಿಗೆ ನಿಲ್ಲುತ್ತದೆಂಬುದು ತಪ್ಪು ತಿಳಿವಳಿಕೆ. ಎಚ್.ಕೆ. ಶರ್ಮಾ ವಿರುದ್ಧ ರಾಮ್‌ಲಾಲ್ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ವಿಚಾರಿಸಿತು. ಬಾಡಿಗೆ ಸಂಬಂಧವನ್ನು ಕೊನೆಗೊಳಿಸುವ ಉದ್ದೇಶ ಕರಾರಿನಲ್ಲಿ ಇಲ್ಲದಿದ್ದರೆ, ಕೊಳ್ಳುವ ಕರಾರು ಮಾಡಿಕೊಂಡ ಮಾತ್ರಕ್ಕೆ ಬಾಡಿಗೆದಾರನು ಬಾಡಿಗೆದಾರನಾಗಿ ಉಳಿಯದೆ ಹೋಗುವುದಿಲ್ಲ ಎಂಬುದು ಅದರ ತೀರ್ಪು. ಬಾಡಿಗೆ ನಿಲ್ಲಿಸಿದವನ ಮೇಲೆ ಮನೆ ಬಿಡಿಸುವ ದಾವೆ ಹೂಡಲು ಅವಕಾಶ ಉಳಿಯುತ್ತದೆ. ಕ್ರಯಪತ್ರ ನೋಂದಣಿಯಾಗುವ ದಿನದವರೆಗೆ ಬಾಡಿಗೆ ಕೊಡಬೇಕೋ ಬೇಡವೋ, ಕೊಟ್ಟದ್ದು ಬೆಲೆಯಲ್ಲಿ ಮುರಿದುಕೊಳ್ಳುವುದೋ ಇಲ್ಲವೋ ಎಂಬುದನ್ನು ಬರೆದೇ ಇಡಬೇಕು. ಬರೆಯದಿದ್ದರೆ ಬಾಡಿಗೆ ಬಾಡಿಗೆಯೇ.

ಎರಡನೆಯದು ಸ್ವಾಧೀನ. ಮನೆ ನಮ್ಮ ವಶದಲ್ಲಿ ಮೊದಲೇ ಇದೆಯಷ್ಟೆ. ಸ್ವಾಧೀನವನ್ನು ಬಿಟ್ಟುಕೊಡುವ ಕ್ರಯದ ಕರಾರನ್ನು ಇಲ್ಲಿನ ಮುದ್ರಾಂಕ ಕಾನೂನು ಕ್ರಯಪತ್ರದಂತೆಯೇ ಎಣಿಸಿ ಪೂರ್ಣ ಶುಲ್ಕ ಕೇಳುತ್ತದೆ. ಮಹಾರಾಷ್ಟ್ರದಲ್ಲಿ ಒಬ್ಬ ಬಾಡಿಗೆದಾರನು ಮಾಲೀಕನೊಡನೆ ಮಾಡಿಕೊಂಡಿದ್ದ ಇಂತಹ ಕರಾರಿಗೆ ಪೂರ್ಣ ಶುಲ್ಕವೂ ದಂಡವೂ ಸಲ್ಲಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2025ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಶುಲ್ಕ ಕಡಿಮೆಯಾದ ಕರಾರನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸದು. ನಮಗೆ ಅದರ ಅವಶ್ಯಕತೆ ಬೀಳುವ ದಿನವೇ ಅದು ನಿರುಪಯೋಗಿಯಾದೀತು. ಮನೆಯಲ್ಲಿ ನಾವಿರುವುದು ಬಾಡಿಗೆದಾರರಾಗಿಯೇ ಹೊರತು ಈ ಕರಾರಿನ ಬಲದಿಂದಲ್ಲ, ಖರೀದಿದಾರರಾಗಿ ಸ್ವಾಧೀನ ದೊರೆಯುವುದು ಕ್ರಯಪತ್ರದ ದಿನ ಎಂಬ ವಾಕ್ಯವನ್ನು ವಕೀಲರ ಸಲಹೆಯಂತೆ ಸೇರಿಸಬೇಕು; ಶುಲ್ಕ ಎಷ್ಟೆಂಬುದನ್ನೂ ಮೊದಲೇ ವಿಚಾರಿಸಬೇಕು.

ಮೂರನೆಯದು ಬಾಡಿಗೆಗೆ ಕೊಟ್ಟಿದ್ದ ಠೇವಣಿ. ಅದು ಬೆಲೆಯಲ್ಲಿ ಸೇರಿತೋ ಮರಳಿ ಬರುವುದೋ ಎಂಬುದು ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ.

ಇವುಗಳ ಜೊತೆಗೆ ಒಟ್ಟು ಬೆಲೆ, ಮುಂಗಡ, ಬಾಕಿ ಕೊಡುವ ಗಡುವು, ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡದ ಗತಿ, ಮಾಲೀಕರು ಹಿಂದೆ ಸರಿದರೆ ಏನು ಎಂಬವು ಎಲ್ಲ ಕರಾರುಗಳಲ್ಲೂ ಇರಬೇಕಾದವು. ಮಾಲೀಕರು ಮಾತು ತಪ್ಪಿದರೆ ಕರಾರನ್ನು ನೆರವೇರಿಸಿಕೊಡುವಂತೆ ದಾವೆ ಹೂಡಬಹುದು. ಅದಕ್ಕೆ ಕಾಲಮಿತಿ 3 ವರ್ಷ. ಹಣ ಸಿದ್ಧವಿತ್ತು, ಕೊಳ್ಳಲು ಮನಸ್ಸಿತ್ತು ಎಂಬುದನ್ನು ಆಗ ನಾವೇ ತೋರಿಸಬೇಕಾಗುತ್ತದೆ.

ಹಣದ ಲೆಕ್ಕ

2021ರ ಜುಲೈಯಲ್ಲಿ ಪರಿಷ್ಕರಿಸಿದಂತೆ ತೆಲಂಗಾಣದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5.5, ವರ್ಗಾವಣೆ ಶುಲ್ಕ ಶೇ. 1.5, ನೋಂದಣಿ ಶುಲ್ಕ ಶೇ. 0.5, ಒಟ್ಟು ಶೇ. 7.5. ಕರಾರಿನ ಬೆಲೆ ಮತ್ತು ಸರ್ಕಾರ ನಿಗದಿಪಡಿಸಿದ ಮಾರುಕಟ್ಟೆ ಮೌಲ್ಯ ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದನ್ನು ಲೆಕ್ಕ ಹಾಕುತ್ತಾರೆ. ನೋಂದಣಿಯ ದಿನದ ದರವನ್ನು ಇಲಾಖೆಯ ತಾಣದಲ್ಲಿ ನೋಡಿಕೊಳ್ಳಬೇಕು.

40 ಲಕ್ಷ ರೂಪಾಯಿಯ ಮನೆಯನ್ನೇ ತೆಗೆದುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗಿನದು ಶೇ. 80ರವರೆಗೆ, ಅದಕ್ಕೂ ಮೇಲಿನದು ಶೇ. 75ರವರೆಗೆ ದೊರೆಯಬಹುದು. ಇಲ್ಲಿ ಹೆಚ್ಚೆಂದರೆ 32 ಲಕ್ಷ ಸಾಲ. ನಮ್ಮ ಕೈಯಿಂದ 8 ಲಕ್ಷ; ಮೇಲೆ ನೋಂದಣಿಯ 3 ಲಕ್ಷ. ಒಟ್ಟು 11 ಲಕ್ಷ ಸಿದ್ಧವಿಲ್ಲದೆ ಮುಂಗಡ ಕೊಡಬಾರದು. ಬ್ಯಾಂಕಿನವರು ಸಾಲದ ಪ್ರಮಾಣವನ್ನು ಎಣಿಸುವಾಗ ಸಾಮಾನ್ಯವಾಗಿ ನೋಂದಣಿಯ ಖರ್ಚನ್ನು ಮನೆಯ ಮೌಲ್ಯಕ್ಕೆ ಸೇರಿಸುವುದಿಲ್ಲ.

ಮಾಲೀಕರ ಮೇಲೆ ಹಳೆಯ ಸಾಲವಿದ್ದರೆ ಅವರ ಬ್ಯಾಂಕಿನಿಂದ ಬಾಕಿಯ ಪತ್ರ ಪಡೆದು, ನಮ್ಮ ಬ್ಯಾಂಕು ಆ ಬಾಕಿಯನ್ನು ನೇರವಾಗಿ ತೀರಿಸುವಂತೆ ಮಾಡಿಸಬಹುದು. ಆ ಹಣವನ್ನು ಮಾಲೀಕರ ಕೈಗೆ ಕೊಟ್ಟು "ತೀರಿಸಿಬಿಡಿ" ಎನ್ನುವುದು ಬೇಡ.

ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲಿದ್ದರೆ ಶೇ. 1ರಷ್ಟು ಆದಾಯ ತೆರಿಗೆಯನ್ನು ಕಡಿದು ಸರ್ಕಾರಕ್ಕೆ ಕಟ್ಟುವ ಹೊಣೆ 2013ರ ಜೂನ್‌ನಿಂದ ಕೊಳ್ಳುವವನದು. 60 ಲಕ್ಷದ ಮನೆಗೆ ಇದು 60,000 ರೂಪಾಯಿ. ಮಾಲೀಕರು ವಿದೇಶದಲ್ಲಿ ನೆಲೆಸಿದ ಅನಿವಾಸಿಯಾಗಿದ್ದರೆ ಈ ನಿಯಮ ಅನ್ವಯಿಸದು. 50 ಲಕ್ಷಕ್ಕಿಂತ ಕಡಿಮೆ ಬೆಲೆಯಾದರೂ ಹೆಚ್ಚಿನ ದರದಲ್ಲಿ ಕಡಿಯಬೇಕಾಗುತ್ತದೆ. ಅಂತಹ ವ್ಯವಹಾರಕ್ಕೆ ಲೆಕ್ಕ ಪರಿಶೋಧಕರ ನೆರವು ಅನಿವಾರ್ಯ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೆ ಮೇಲೆ ನಗದಾಗಿ ಪಡೆಯುವುದನ್ನು 2015ರ ಜೂನ್‌ನಿಂದ ನಿಷೇಧಿಸಲಾಗಿದೆ. ಮೊದಲ ರೂಪಾಯಿಯಿಂದಲೇ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಕೊಟ್ಟು, ಬಾಡಿಗೆಯನ್ನೂ ಬೆಲೆಯ ಕಂತನ್ನೂ ಬೇರೆ ಬೇರೆಯಾಗಿ ಕಳುಹಿಸುವುದು ಉತ್ತಮ.

ನೋಂದಣಿ ಮತ್ತು ಅನಂತರ

ಕ್ರಯಪತ್ರ ಬರೆದು ಸಹಿಯಾದ ಮೇಲೆ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ರೂಢಿಯಲ್ಲಿ ಎಲ್ಲವೂ ಒಂದೇ ದಿನ ಮುಗಿಯುತ್ತದೆ. ಆ ದಿನ ಬೆಳಿಗ್ಗೆ ಇ.ಸಿ.ಯನ್ನು ಮತ್ತೊಮ್ಮೆ ನೋಡಬೇಕು. ಅಂದಿನವರೆಗಿನ ಆಸ್ತಿ ತೆರಿಗೆ, ನೀರು, ವಿದ್ಯುತ್ತು, ಅಪಾರ್ಟ್‌ಮೆಂಟ್ ನಿರ್ವಹಣಾ ಬಾಕಿಗಳನ್ನು ಲೆಕ್ಕ ತೀರಿಸಿಕೊಳ್ಳಬೇಕು. ಬಾಡಿಗೆದಾರರಾಗಿ ನಾವು ಕಟ್ಟುತ್ತಿದ್ದ ಬಿಲ್ಲುಗಳು ಯಾವುವು, ಮಾಲೀಕರದು ಯಾವುವು ಎಂಬ ಪಟ್ಟಿ ಮೊದಲೇ ಸಿದ್ಧವಿದ್ದರೆ ಮನಸ್ತಾಪವಿರುವುದಿಲ್ಲ.

ಬಾಡಿಗೆದಾರನೇ ಇಡೀ ಮನೆಯ ಒಡೆಯನಾದಾಗ ಬಾಡಿಗೆ ಕರಾರು ಒಡೆತನದಲ್ಲಿ ಲೀನವಾಗಿ ತಾನಾಗಿಯೇ ಕೊನೆಗೊಳ್ಳುತ್ತದೆ. ಆದರೆ ಬಾಡಿಗೆ ಕರಾರು ಗಂಡನ ಹೆಸರಿನಲ್ಲಿ, ಕ್ರಯಪತ್ರ ಹೆಂಡತಿಯ ಹೆಸರಿನಲ್ಲಿ ಇದ್ದರೆ ಹಾಗೆ ಲೀನವಾಗದು. ಯಾವ ಸಂದರ್ಭದಲ್ಲೂ ಬಾಡಿಗೆ ಸಂಬಂಧ ಮುಗಿಯಿತು, ಬಾಕಿಯಿಲ್ಲ, ಠೇವಣಿ ಇತ್ಯರ್ಥವಾಯಿತು ಎಂಬ ಒಂದು ಪುಟದ ಪತ್ರಕ್ಕೆ ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಆಮೇಲೆ ಆಸ್ತಿ ತೆರಿಗೆ, ವಿದ್ಯುತ್ತು, ನೀರಿನ ಸಂಪರ್ಕಗಳಿಗೆ ಹೆಸರು ಬದಲಿಸಬೇಕು. ನೌಕರಿಯಲ್ಲಿರುವವರು ಬಾಡಿಗೆ ಭತ್ಯದ ತೆರಿಗೆ ವಿನಾಯಿತಿ ಅಂದಿಗೆ ಮುಗಿಯಿತೆಂದು ಕಚೇರಿಗೆ ತಿಳಿಸಬೇಕು.

ಕೊನೆಯ ಮಾತು

ಕಾಗದ ಕೇಳಿದರೆ ಮಾಲೀಕರು ಬೇಸರಪಟ್ಟಾರೆಂಬ ಅಳುಕು ನಮ್ಮವರಲ್ಲಿ ಬಹಳ. ಹಬ್ಬಕ್ಕೆ ಹೋಳಿಗೆ ಹಂಚಿಕೊಂಡವರ ಬಳಿ ಇ.ಸಿ. ಕೇಳುವುದು ಹೇಗೆ ಎನಿಸುವುದು ಸಹಜ. ಆದರೆ ಕಾಗದ ಅವರನ್ನೂ ಕಾಯುತ್ತದೆ. ನಾಳೆ ಅವರ ಮಕ್ಕಳೂ ನಮ್ಮ ಮಕ್ಕಳೂ ಒಬ್ಬರನ್ನೊಬ್ಬರು ಕೋರ್ಟಿನ ಮೆಟ್ಟಿಲಲ್ಲಿ ಕಾಣದಿರಬೇಕಾದರೆ ಇಂದು ನಾವಿಬ್ಬರೂ ವಕೀಲರ ಮೇಜಿನ ಮುಂದೆ ಒಂದು ಗಂಟೆ ಕುಳಿತರೆ ಸಾಕು. ಹಣದ ಮೊತ್ತವೂ ಕಾನೂನಿನ ವಿವರವೂ ಮನೆಯಿಂದ ಮನೆಗೆ ಬದಲಾಗುವುದರಿಂದ, ಈ ಲೇಖನವನ್ನು ದಾರಿದೀಪವಾಗಿ ಇಟ್ಟುಕೊಂಡು ಸ್ಥಳೀಯ ವಕೀಲರಿಂದ ಪತ್ರಗಳನ್ನು ಪರಿಶೀಲಿಸಿಕೊಳ್ಳಬೇಕೆಂದು ಕೋರುತ್ತೇವೆ.

ಇದುವರೆಗೆ ಬಾಡಿಗೆದಾರರಾಗಿ ದೀಪ ಹಚ್ಚಿದ ಮನೆಯಲ್ಲಿ ಮುಂದೆ ಒಡೆಯರಾಗಿ ದೀಪ ಹಚ್ಚುವ ಭಾಗ್ಯ ನಮ್ಮ ಓದುಗರೆಲ್ಲರದಾಗಲಿ ಎಂದು ಹಾರೈಸುತ್ತೇವೆ.